ಸೆಕೆಂಡ್ ಹ್ಯಾಂಡ್ ಸ್ಪೀಕರ್ ಜೋಡಿ: 12,000 ರೂಪಾಯಿಗೆ ಯಾವುದು ತಗೊಳ್ಳಲಿ?

ನವನಗರದವ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕೂತು ಹಾಡು ಕೇಳಲು ಒಂದು ಜೋಡಿ ಹಳೆಯ ಸ್ಪೀಕರ್ ಬೇಕಾಗಿದೆ. ಬಜೆಟ್ 12,000. ಎಳೆದಾಡಿದರೆ ಇನ್ನೊಂದು ಸಾವಿರ. ಅದಕ್ಕಿಂತ ಮೇಲೆ ಹೋದರೆ ಮನೆಯವಳಿಗೆ ಲೆಕ್ಕ ಕೊಡಬೇಕಾಗುತ್ತದೆ.

ಸದ್ಯ ನನ್ನ ಹತ್ತಿರ ಇರೋದು ಮಾವನವರ ಕಾಲದ ಒಂದು ಸ್ಟೀರಿಯೊ ಆಂಪ್ಲಿಫೈಯರ್. ಚಾನೆಲ್‌ಗೆ 40 ವ್ಯಾಟ್, ಹಿಂದೆ 8 ಓಮ್ ಅಂತ ಬರೆದಿದೆ. ಮುಂದಿನ ಹೆಸರಿನ ಪಟ್ಟಿ ಯಾವಾಗಲೋ ಬಿದ್ದುಹೋಗಿದೆ. ಅದರ ಜೊತೆಗಿದ್ದ ಸ್ಪೀಕರ್‌ಗಳನ್ನು ಅಟ್ಟದ ಮೇಲಿಟ್ಟಿದ್ದೆವು, ಇಲಿಗಳ ಪಾಲಾದವು. ಮತ್ತೆ ಒಂದು ಸಿಡಿ ಪ್ಲೇಯರ್, ಒಂದು ಫೋನು. ಹಾಲ್ 14ಕ್ಕೆ 12 ಅಡಿ. ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್. ನವನಗರದ ಸೆಕ್ಟರ್ ಮನೆಗಳು ನಿಮಗೆ ಗೊತ್ತೇ ಇವೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಬಂದ ಮೇಲೆ ಕಟ್ಟಿಸಿದ್ದು.

ಕೇಳೋದು ಜಾಸ್ತಿ ಹಿಂದೂಸ್ತಾನಿ ಗಾಯನ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಕುಮಾರ ಗಂಧರ್ವ. ಆಮೇಲೆ ವಚನ, ದಾಸರ ಪದ. ಮಗ ಊರಿಗೆ ಬಂದಾಗ ಸಿನಿಮಾ ಹಾಡು ಹಚ್ಚುತ್ತಾನೆ, ಅವನಿಗೆ ಧಡ್ ಧಡ್ ಅನ್ನಬೇಕು.

ಮೂರು ಕಡೆ ನೋಡಿಟ್ಟಿದ್ದೇನೆ. ಇಲ್ಲೇ ಹಳೆ ಬಾಗಲಕೋಟೆಯಲ್ಲಿ ಒಬ್ಬರ ಮನೆಯಲ್ಲಿ ನಿಲ್ಲಿಸುವಂಥ ದೊಡ್ಡ ಸ್ಪೀಕರ್ ಜೋಡಿ ಇದೆ, ಸೊಂಟದೆತ್ತರ, ದಪ್ಪ ಸ್ವರಕ್ಕೆ 10 ಇಂಚಿನ ವೂಫರ್, ಮಧ್ಯಕ್ಕೊಂದು, ಮೇಲೆ ಸಣ್ಣ ಚೂಪು ಸ್ವರಕ್ಕೆ ಟ್ವೀಟರ್. 8,000 ಹೇಳುತ್ತಿದ್ದಾರೆ. ಬೆಳಗಾವಿಯ ಟಿಳಕವಾಡಿಯಲ್ಲಿ ಒಬ್ಬರಿಗೆ ಟ್ರಾನ್ಸ್‌ಫರ್ ಆಗಿದೆ, ಅವರ ಹತ್ತಿರ ವಾರ್ಫ್‌ಡೇಲ್ ಡೈಮಂಡ್ 9.1 ಇದೆ, 11,500. ಫೋಟೋದಲ್ಲಿ ನೋಡಿದರೆ ತೀರ ಸಣ್ಣವು, ನಮ್ಮ ಅಕ್ಕಿ ಡಬ್ಬಿಯಷ್ಟೂ ಇಲ್ಲ. ಮೂರನೆಯದು, ವಿಜಯಪುರದಲ್ಲಿ ಒಬ್ಬರು ತಾವೇ ಪ್ಲೈವುಡ್ ಪೆಟ್ಟಿಗೆ ಮಾಡಿ 8 ಇಂಚಿನ ವೂಫರ್ ಕೂರಿಸಿ ಕೊಡುತ್ತಾರೆ. ಯಾರಿಗೋ ಮಾಡಿದ್ದ ಜೋಡಿ ವಾಪಸ್ ಬಂದಿದೆಯಂತೆ, 6,000ಕ್ಕೆ ಕೊಡುತ್ತೇನೆ ಅಂದರು.

ನನ್ನ ಮನಸ್ಸು ದೊಡ್ಡದರ ಕಡೆ ಇದೆ, ಸುಳ್ಳು ಯಾಕೆ ಹೇಳಲಿ. ವ್ಯಾಟ್ ಜಾಸ್ತಿ, ಊರಲ್ಲೇ ಸಿಗುತ್ತದೆ, ರೇಟೂ ಕಮ್ಮಿ. ತಿಳಿದವರು ಹೇಳಿ. ನೋಡಲು ಹೋದಾಗ ಏನೇನು ನೋಡಬೇಕು ಅಂತಲೂ ಹೇಳಿದರೆ ಉಪಕಾರ.

ಗೋಕಾಕ ಹುಡುಗ

ಅಣ್ಣಾ, ಹಳೆ ಸಾಮಾನು ಯಾಕೆ ತಲೆನೋವು? ಅದೇ ದುಡ್ಡಿಗೆ ಹೊಸ ಹೋಮ್ ಥಿಯೇಟರ್ ಬರುತ್ತದೆ, ಸಬ್‌ವೂಫರ್ ಸಮೇತ, ಬ್ಲೂಟೂತ್ ಸಮೇತ. ವಾರಂಟಿನೂ ಇರುತ್ತದೆ. ಆ ಆಂಪ್ಲಿಫೈಯರ್ ಗುಜರಿಗೆ ಹಾಕಿ.

ಖಡೇಬಜಾರ ಕಾಕಾ, ಬೆಳಗಾವಿ

ಗೋಕಾಕದ ತಮ್ಮಾ, ಸಿನಿಮಾ ನೋಡೋರಿಗೆ ನಿನ್ನ ಮಾತು ಸರಿ. ಇವರು ಮನ್ಸೂರರನ್ನು ಕೇಳೋರು. ಮುಷ್ಟಿಯಷ್ಟು ಸಣ್ಣ ಡಬ್ಬಿಗಳಲ್ಲಿ ಎದೆಯ ದನಿ ಬರೋದಿಲ್ಲ. ಸಬ್‌ವೂಫರ್ ಒಂದು ಮೂಲೆಯಲ್ಲಿ ಗುಂಯ್ ಅನ್ನುತ್ತಿರುತ್ತದೆ, ಹಾಡೋರ ದನಿ ಇನ್ನೊಂದು ಮೂಲೆಯಲ್ಲಿ ತೆಳ್ಳಗೆ ಕೇಳುತ್ತದೆ, ನಡುವೆ ಇರಬೇಕಾದದ್ದೇ ಇರೋದಿಲ್ಲ. ಮನುಷ್ಯನ ದನಿ ಇರೋದೇ ಆ ನಡುವೆ. ಗುಜರಿ ಮಾತು ಆಮೇಲೆ ನೋಡೋಣ.

ನವನಗರದವರೆ, ನಾನು ಬೆಳಗಾವಿಯಲ್ಲಿ ರೇಡಿಯೊ, ಟೇಪು, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಬಂದವನು. ಈಗ ಸಣ್ಣ ಸೋಲ್ಡರ್ ಕೆಲಸಕ್ಕೆ ಕಣ್ಣು ಸಾಲದು. ಅಂಗಡಿ ಮಗನದು, ಅವನು ಮೊಬೈಲ್ ಮಾಡುತ್ತಾನೆ. ಕಿವಿ ಇನ್ನೂ ನನ್ನದೇ.

ಮೊದಲು ವ್ಯಾಟ್ ವಿಷಯ ಮುಗಿಸಿಬಿಡೋಣ. ಸ್ಪೀಕರ್ ಹಿಂದೆ ಬರೆದ ವ್ಯಾಟ್ ಅದು ಎಷ್ಟು ತಡೆದುಕೊಳ್ಳುತ್ತದೆ ಅಂತ ಹೇಳುತ್ತದೆಯೇ ಹೊರತು ಎಷ್ಟು ಜೋರು ಅಂತ ಅಲ್ಲ. ಜೋರು ತಿಳಿಯಲು ಡೆಸಿಬಲ್ ಅಂಕಿ ನೋಡಿ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದದ್ದು. ಡೈಮಂಡ್ 9.1ಕ್ಕೆ ಅದು 86. ಕೆಲವಕ್ಕೆ 89, 90 ಇರುತ್ತದೆ. 3 ಡೆಸಿಬಲ್ ಕಮ್ಮಿ ಇದ್ದರೆ ಅಷ್ಟೇ ಜೋರಿಗೆ ಎರಡು ಪಟ್ಟು ವ್ಯಾಟ್ ಬೇಕು. ಹಾಗಂತ ಹೆದರಬೇಡಿ. 14 ಅಡಿ ಹಾಲ್‌ನಲ್ಲಿ ಪಕ್ಕದ ಮನೆಯವರು ಬಾಗಿಲು ಬಡಿಯದ ಹಾಗೆ ಕೇಳುವಾಗ ಆಂಪ್ಲಿಫೈಯರ್ ಕೊಡುತ್ತಿರೋದು ಒಂದೆರಡು ವ್ಯಾಟ್ ಅಷ್ಟೇ. ತಬಲಾದ ಹೊಡೆತ ಬಂದಾಗ ಒಂದು ಕ್ಷಣ ಹತ್ತು ಪಟ್ಟು ಎಳೆಯಬಹುದು. ನಿಮ್ಮ 40 ವ್ಯಾಟ್ ಧಾರಾಳ ಸಾಕು. ಪಿಎಂಪಿಒ ಅಂತ ಬರೆದು ಸಾವಿರದ ಅಂಕಿ ಹಾಕಿದ್ದರೆ ಓದಲೂ ಹೋಗಬೇಡಿ, ಅದು ಉಬ್ಬಿಸಿದ ಅಂಕಿ. ಆರ್‌ಎಂಎಸ್, ಅಂದರೆ ಸತತವಾಗಿ ಸಿಗುವ ವ್ಯಾಟ್, ಅಂತ ಇದ್ದರೆ ಮಾತ್ರ ಲೆಕ್ಕಕ್ಕೆ.

ಇನ್ನು 10 ಇಂಚು. ನೀವು ಕೇಳೋದು ಹಳೆಯ ರೆಕಾರ್ಡಿಂಗ್. ರೇಡಿಯೊದವರು ಮಾಡಿದ್ದು, ಕಚೇರಿಯಲ್ಲಿ ಒಂದೋ ಎರಡೋ ಮೈಕ್ ಇಟ್ಟು ಹಿಡಿದದ್ದು. ಬಹಳಷ್ಟು ಮೋನೊ, ಅಂದರೆ ಎರಡೂ ಸ್ಪೀಕರ್‌ನಲ್ಲಿ ಒಂದೇ ದನಿ. ತೀರ ಕೆಳಗಿನ ಬಾಸ್ ಅದರಲ್ಲಿ ತುಂಬಿಯೇ ಇಲ್ಲ. ಗಂಡಸಿನ ದನಿ ಶುರುವಾಗೋದೇ 100 ಹರ್ಟ್ಸ್‌ನ ಆಚೀಚೆ. ಅಲ್ಲಿಂದ ಮೂರು ನಾಲ್ಕು ಸಾವಿರ ಹರ್ಟ್ಸ್‌ವರೆಗೆ ಯಾವ ಸ್ಪೀಕರ್ ಪ್ರಾಮಾಣಿಕವಾಗಿ ನುಡಿಯುತ್ತದೋ ಅದು ನಿಮಗೆ ಒಳ್ಳೆಯ ಸ್ಪೀಕರ್. ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಒಂದು ಸಣ್ಣ ತಾನ್ ಹಾಕಿ ಥಟ್ಟನೆ ನಿಲ್ಲಿಸುತ್ತಾರಲ್ಲ, ಆ ನಿಲ್ಲುವುದು ಕೇಳಬೇಕು. ಸಡಿಲಾದ ದೊಡ್ಡ ವೂಫರ್ ಅದನ್ನು ಎಳೆದಾಡುತ್ತದೆ.

ಹಾಗಂತ ದೊಡ್ಡದೆಲ್ಲ ಕೆಟ್ಟದ್ದಲ್ಲ. ಕೋಲ್ಕತ್ತದ ಸೋನೊಡೈನ್, ಮುಂಬೈ ಕಡೆಯ ಕಾಸ್ಮಿಕ್, ಇವರೆಲ್ಲ ಆ ಕಾಲಕ್ಕೆ ಚೆನ್ನಾಗಿಯೇ ಮಾಡಿದರು. ಪ್ರಶ್ನೆ ಈಗಿನ ಸ್ಥಿತಿಯದು. ಹಳೆ ಸ್ಪೀಕರ್‌ನಲ್ಲಿ ನೀವು ಕೊಳ್ಳೋದು ಕಂಪನಿ ಹೆಸರನ್ನಲ್ಲ, ವೂಫರ್ ಅಂಚಿನ ಒಂದು ಬೆರಳಗಲ ಪಟ್ಟಿಯನ್ನು.

ಅದು ಹೇಗೆ ಅಂದರೆ, ಕೋನ್, ಅಂದರೆ ಅಲುಗಾಡಿ ಸದ್ದು ಮಾಡುವ ಬಟ್ಟಲಿನಂಥ ಭಾಗ, ಅದರ ಸುತ್ತ ಉಬ್ಬಿದ ಉಂಗುರ ಇರುತ್ತದೆ. ಅದು ಫೋಮ್ ಇರಬಹುದು, ರಬ್ಬರ್ ಇರಬಹುದು, ಬಟ್ಟೆ ಇರಬಹುದು. ಫೋಮ್ ಆಗಿದ್ದರೆ ಹದಿನೈದು ಇಪ್ಪತ್ತು ವರ್ಷಕ್ಕೆ ತಾನಾಗಿ ಪುಡಿಯಾಗುತ್ತದೆ. ಬಳಸದೆ ಇಟ್ಟರೂ ಆಗುತ್ತದೆ. ಜಾಲರಿ ತೆಗೆಸಿ, ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಅಂಟಂಟಾಗಿ ಬೆರಳಿಗೆ ಕರಿ ಹತ್ತಿದರೆ, ಇಲ್ಲವೇ ಬಿಸ್ಕತ್ ಪುಡಿ ಥರ ಉದುರಿದರೆ ಅದರ ಆಯುಷ್ಯ ಮುಗಿದಿದೆ. ರಬ್ಬರ್ ಆಗಿದ್ದರೆ ಮೆತ್ತಗಿರಬೇಕು, ಸೀಳು ಇರಬಾರದು. ಡೈಮಂಡ್ 9.1ರದ್ದು ರಬ್ಬರ್. ಜಾಲರಿ ತೆಗೆಯಲು ಬಿಡೋದಿಲ್ಲ ಅನ್ನೋರ ಹತ್ತಿರ ಚಹಾ ಕುಡಿದು ಎದ್ದು ಬನ್ನಿ.

ಮುಂದೆ ಕಾಯಿಲ್, ಕೋನ್ ಹಿಂದೆ ಇದ್ದು ಅದನ್ನು ಅಲುಗಾಡಿಸುವ ತಂತಿ ಸುರುಳಿ. ಎರಡೂ ಕೈಯ ಬೆರಳುಗಳನ್ನು ಕೋನ್ ಮೇಲೆ ಸಮನಾಗಿ ಹರಡಿ ಸ್ವಲ್ಪವೇ ಒಳಗೆ ಒತ್ತಿ ಬಿಡಿ. ಒಂದೇ ಕಡೆ ಒತ್ತಬೇಡಿ, ಅದರಿಂದಲೇ ಕೆಡುತ್ತದೆ. ಸದ್ದಿಲ್ಲದೆ ಹೋಗಿ ಬರಬೇಕು. ಕರ್ ಕರ್ ಅಂತ ಉಜ್ಜಿದರೆ ಕಾಯಿಲ್ ಸುಟ್ಟು ಉಬ್ಬಿದೆ ಅಥವಾ ಸರಿದಿದೆ. ಪೆಟ್ಟಿಗೆಯ ಗಾಳಿ ತೂತಿಗೆ ಮೂಗು ಹಿಡಿದು ಮೂಸಿ. ಸುಟ್ಟ ವಾರ್ನಿಷ್ ವಾಸನೆ ವರ್ಷಗಟ್ಟಲೆ ಹೋಗೋದಿಲ್ಲ. ಇಲಿ ಸೇರಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ, ನಿಮಗೆ ಆ ಅನುಭವ ಆಗಿದೆ ಅಲ್ವಾ.

ಮಲ್ಟಿಮೀಟರ್ ಇದ್ದರೆ ಒಯ್ಯಿರಿ. 8 ಓಮ್ ಅಂತ ಬರೆದ ಸ್ಪೀಕರ್ ಮೀಟರ್‌ನಲ್ಲಿ 8 ತೋರಿಸೋದಿಲ್ಲ, ಆರರ ಆಚೀಚೆ ತೋರಿಸುತ್ತದೆ. 4 ಓಮಿನದು ಮೂರರ ಮೇಲೆ. ಎರಡೂ ಸ್ಪೀಕರ್ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿದರೆ ಸರಿ. ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಟ್ವೀಟರ್ ದಾರಿಯಲ್ಲಿ ಕಂಡೆನ್ಸರ್ ಇರುತ್ತದೆ, ಅದು ಮೀಟರಿನ ಡಿಸಿ ಕರೆಂಟನ್ನು ತಡೆಯುತ್ತದೆ, ಆದ್ದರಿಂದ ಹಿಂದಿನ ಟರ್ಮಿನಲ್‌ನಲ್ಲಿ ಹಿಡಿದ ಮೀಟರಿಗೆ ಟ್ವೀಟರ್ ಕಾಣೋದೇ ಇಲ್ಲ. ಅದು ಸತ್ತಿದ್ದರೂ ಮೀಟರ್ ಎಲ್ಲ ಸರಿ ಅನ್ನುತ್ತದೆ.

ಟ್ವೀಟರಿಗೆ ನನ್ನ ಉಪಾಯ ಬೇರೆ. ಗೋಡೆ ಮೇಲಿನ ಕ್ಯಾಲೆಂಡರ್ ಇಳಿಸಿ ಕೊಳವೆಯ ಹಾಗೆ ಸುತ್ತಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಟ್ವೀಟರ್ ಎದುರು, ಮುಟ್ಟಿಸದೆ. ಹಾಡು ಮೆಲ್ಲಗೆ ನಡೆಯುತ್ತಿರಲಿ. ಸಕಾರ, ತಬಲಾದ ಚಾಟಿ, ತಂಬೂರಿ ತಂತಿಯ ಝೇಂಕಾರ ಅಲ್ಲಿ ಸ್ವಚ್ಛವಾಗಿ ಕೇಳಬೇಕು. ಆಮೇಲೆ ಇನ್ನೊಂದಕ್ಕೆ ಹಿಡಿಯಿರಿ. ಒಂದು ಮಂಕಾಗಿದ್ದರೆ ತಟ್ಟನೆ ಗೊತ್ತಾಗುತ್ತದೆ. ಹಾಗೆ ಮಂಕು ಕೇಳಿದ ಕೂಡಲೇ ಸ್ಪೀಕರಿಗೆ ದೋಷ ಹಾಕಬೇಡಿ. ಆಂಪ್ಲಿಫೈಯರ್ ಆಫ್ ಮಾಡಿ ಎಡದ ವೈರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ. ಮಂಕು ಅದೇ ಪೆಟ್ಟಿಗೆಯಲ್ಲಿ ಉಳಿದರೆ ಸ್ಪೀಕರ್ ಕೆಟ್ಟಿದೆ. ಆಚೆ ಪೆಟ್ಟಿಗೆಗೆ ಹೋದರೆ ಆಂಪ್ಲಿಫೈಯರೋ ವೈರೋ ಕೆಟ್ಟಿದೆ.

ಸ್ಕ್ರೂ ತಲೆಗಳನ್ನೂ ನೋಡಿ. ಫ್ಯಾಕ್ಟರಿಯಲ್ಲಿ ಬಿಗಿದ ಸ್ಕ್ರೂ ತಲೆ ಚೊಕ್ಕವಾಗಿರುತ್ತದೆ. ಒಂದೇ ಪೆಟ್ಟಿಗೆಯ ನಾಲ್ಕು ಸ್ಕ್ರೂ ಮಾತ್ರ ಕೆತ್ತಿಹೋಗಿದ್ದರೆ ಯಾರೋ ತೆಗೆದಿದ್ದಾರೆ. ಯಾಕೆ ಅಂತ ಕೇಳಿ. ಒಂದು ಕಡೆ ಮೂಲದ ಟ್ವೀಟರ್, ಇನ್ನೊಂದು ಕಡೆ ಅಂಗಡಿಯ ಸಿಕ್ಕಿದ ಟ್ವೀಟರ್ ಇದ್ದರೆ ಅದು ಜೋಡಿ ಅಲ್ಲ, ಎರಡು ಬಿಡಿ ಸ್ಪೀಕರ್.

ಕೊನೆಗೆ ಗಡಿಯಾರದ ಒಂದು ಸೆಲ್, 1.5 ವೋಲ್ಟಿನದು. ಕೆಂಪು ಟರ್ಮಿನಲ್‌ಗೆ ಪ್ಲಸ್, ಕರಿದಕ್ಕೆ ಮೈನಸ್, ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಕೋನ್ ಮುಂದೆ ಬರುತ್ತದೆ. ಹಳೆಯ ಕೆಲವು ಜೆಬಿಎಲ್‌ಗಳಲ್ಲಿ ಹಿಂದೆ ಹೋಗುತ್ತದೆ, ಅವರ ಪದ್ಧತಿಯೇ ಹಾಗಿತ್ತು. ಮುಂದೆಯೋ ಹಿಂದೆಯೋ, ಎರಡೂ ಒಂದೇ ಕಡೆ ಹೋಗಬೇಕು. ಒಂದು ಮುಂದೆ, ಒಂದು ಹಿಂದೆ ಹೋದರೆ ಒಳಗೆ ಯಾರೋ ವೈರ್ ತಿರುಗಿಸಿ ಹಾಕಿದ್ದಾರೆ. ಅಂಥ ಜೋಡಿಯಲ್ಲಿ ಬಾಸ್ ಸತ್ತುಹೋಗುತ್ತದೆ, ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯೋದಿಲ್ಲ. ಮೋನೊ ಹಾಡು ಹಾಕಿ ನಡುವೆ ಕೂತರೆ ಹಾಡುಗಾರರು ಎರಡೂ ಪೆಟ್ಟಿಗೆಗಳ ಮಧ್ಯೆ ಗಾಳಿಯಲ್ಲಿ ಕೂತ ಹಾಗೆ ಕೇಳಬೇಕು. ಅದೇ ದೊಡ್ಡ ಪರೀಕ್ಷೆ.

ವಿಜಯಪುರದ ಪ್ಲೈವುಡ್ ಪೆಟ್ಟಿಗೆ ಬಗ್ಗೆ ಒಂದೇ ಮಾತು. ಪೆಟ್ಟಿಗೆಯ ಒಳಗಿನ ಅಳತೆ ವೂಫರ್‌ಗೆ ತಕ್ಕಂತೆ ಲೆಕ್ಕ ಹಾಕಿ ಮಾಡಿದ್ದೋ, ಹಲಗೆ ಎಷ್ಟು ಸಿಕ್ಕಿತೋ ಅಷ್ಟಕ್ಕೆ ಮಾಡಿದ್ದೋ ಕೇಳಿ. ಸ್ವರವನ್ನು ವೂಫರ್‌ಗೂ ಟ್ವೀಟರ್‌ಗೂ ಹಂಚುವ ಕ್ರಾಸ್‌ಓವರ್‌ನಲ್ಲಿ ಏನು ಹಾಕಿದ್ದೀರಿ ಅಂತ ಕೇಳಿ. ಬರೀ ಒಂದು ಕಂಡೆನ್ಸರ್ ಅಂದರೆ ಬಿಡಿ.

ನನ್ನ ವೋಟು ಟಿಳಕವಾಡಿಗೆ. ಆದರೆ ಹೋಗಿ ಕೇಳಿ ತಗೊಳ್ಳಿ. ಫೋಟೋಗೆ ದುಡ್ಡು ಕಳಿಸಬೇಡಿ.

ಬಾವಡಿ ಓಣಿ ಅಕ್ಕ, ವಿಜಯಪುರ

ಕಾಕಾ ಸ್ಪೀಕರ್ ಬಗ್ಗೆ ಎಲ್ಲ ಹೇಳಿದರು. ನಾನು ಕೋಣೆ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನನ್ನ ಅರ್ಧ ಸಮಸ್ಯೆ ಅಲ್ಲೇ ಇತ್ತು.

ಆರ್‌ಸಿಸಿ, ಟೈಲ್ಸ್, ಬರಿ ಗೋಡೆ ಅಂದಿರಲ್ಲ, ನಮ್ಮದೂ ಅದೇ. ಖಾಲಿ ಇದ್ದಾಗ ನಮ್ಮ ಹಾಲ್ ಗೋಳಗುಮ್ಮಟವೇ ಆಗಿತ್ತು. ಒಂದು ಚಪ್ಪಾಳೆ ತಟ್ಟಿದರೆ ಟ್ರ್‌ರ್‌ರ್ ಅಂತ ಉತ್ತರ ಬರೋದು. ಅಂಥ ಕೋಣೆಯಲ್ಲಿ ಲಕ್ಷದ ಸ್ಪೀಕರ್ ಇಟ್ಟರೂ ಪದಗಳು ಒಂದರ ಮೇಲೊಂದು ಬೀಳುತ್ತವೆ. ವಚನದ ಸಾಹಿತ್ಯವೇ ಹಿಡಿಯೋದಿಲ್ಲ.

ನೀವೂ ಮೊದಲು ಚಪ್ಪಾಳೆ ತಟ್ಟಿ ನೋಡಿ. ಉತ್ತರ ಬಂದರೆ ಸ್ಪೀಕರ್‌ಗೂ ನೀವು ಕೂರುವ ಜಾಗಕ್ಕೂ ನಡುವೆ ನೆಲದ ಮೇಲೆ ದಪ್ಪನೆಯ ಜಮಖಾನ ಹಾಸಿ. ನಮ್ಮ ಮನೆಯಲ್ಲಿ ನವಲಗುಂದದ್ದು ಇತ್ತು, ಅಮ್ಮ ಕೊಟ್ಟದ್ದು, ಪೆಟ್ಟಿಗೆಯಿಂದ ಹೊರಗೆ ತೆಗೆದೆ. ಕೂರುವ ಜಾಗದ ಹಿಂದಿನ ಗೋಡೆಗೆ ಅಜ್ಜಿ ಹೊಲಿದ ಕೌದಿ ತೂಗುಹಾಕಿದೆ. ಕೌದಿ ಅಂದರೆ ಹಳೆ ಸೀರೆಗಳ ನಾಲ್ಕೈದು ಪದರ, ಒಂದಕ್ಕೊಂದು ಹೊಲಿದದ್ದು. ಸದ್ದು ಕುಡಿಯಲು ಅಷ್ಟು ದಪ್ಪವೇ ಬೇಕು. ತೆಳ್ಳನೆಯ ಪರದೆ ಹಾಕಿದರೆ ಏನೂ ಆಗೋದಿಲ್ಲ. ಗೋಡೆಯಿಂದ ಎರಡು ಇಂಚು ಬಿಟ್ಟು ತೂಗಿದರೆ ಇನ್ನೂ ವಾಸಿ. ಬಂದವರೆಲ್ಲ ಕೌದಿ ಚಂದ ಇದೆ ಅಂತಾರೆ, ಯಾಕೆ ಹಾಕಿದ್ದೀರಿ ಅಂತ ಯಾರೂ ಕೇಳೋದಿಲ್ಲ.

ಡೈಮಂಡ್ ತಗೊಂಡರೆ ಅದರ ಗಾಳಿ ತೂತು ಹಿಂದೆ ಇರುತ್ತದೆ. ಗೋಡೆಗೆ ಒತ್ತಿ ಇಟ್ಟರೆ ಬಾಸ್ ಉಬ್ಬಿಕೊಂಡು ಗುಂಯ್ ಅನ್ನುತ್ತದೆ. ಒಂದು ಅಡಿ ಮುಂದೆ ಎಳೆಯಿರಿ, ಆಮೇಲೆ ನಿಮ್ಮ ಕಿವಿಗೆ ತಕ್ಕಂತೆ ಹಿಂದೆ ಮುಂದೆ ಮಾಡಿ. ಶೋಕೇಸ್ ಒಳಗೆ ಮಾತ್ರ ಇಡಬೇಡಿ. ನಮ್ಮ ಯಜಮಾನರು ಟಿವಿ ಪಕ್ಕದ ಗೂಡಿನಲ್ಲಿ ಇಟ್ಟರೆ ನೀಟಾಗಿ ಕಾಣುತ್ತದೆ ಅಂತ ಜಗಳ ತೆಗೆದಿದ್ದರು. ಗೂಡಿನಲ್ಲಿ ಒಂದು ದಿನ, ಹೊರಗೆ ಒಂದು ದಿನ ಕೇಳಿಸಿದೆ. ಈಗ ಮಾತಾಡೋದಿಲ್ಲ.

ಸ್ಟ್ಯಾಂಡಿಗೆ ದುಡ್ಡು ಹಾಕಬೇಡಿ. ಸಿಮೆಂಟ್ ಬ್ಲಾಕ್ ನಿಲ್ಲಿಸಿ, ಮೇಲೆ ಒಂದು ಫರಸಿ ಕಲ್ಲು. ಅದು ನಿಮ್ಮ ಬಾಗಲಕೋಟೆಯಲ್ಲಿ ಸಿಗದಿದ್ದರೆ ಎಲ್ಲಿ ಸಿಗಬೇಕು. ಕಲ್ಲಿಗೂ ಸ್ಪೀಕರಿಗೂ ನಡುವೆ ಹಳೆ ಹವಾಯಿ ಚಪ್ಪಲಿಯ ರಬ್ಬರ್ ನಾಲ್ಕು ತುಂಡು. ಟ್ವೀಟರ್ ನೀವು ಕೂತಾಗಿನ ಕಿವಿಯ ಮಟ್ಟಕ್ಕೆ ಬರಬೇಕು. ಗಾದಿ ಮೇಲೆ ಕೂರುತ್ತೀರೋ ಕುರ್ಚಿ ಮೇಲೋ, ಅದನ್ನು ನೋಡಿ ಎತ್ತರ ಮಾಡಿ.

ನವನಗರದವ, ಬಾಗಲಕೋಟೆ

ಕಾಕಾ, ಅಕ್ಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಬಹಳ ಧನ್ಯವಾದ. ಚಪ್ಪಾಳೆ ತಟ್ಟಿದೆ. ಉತ್ತರ ಬಂತು.

ಹಳೆ ಊರಿನ ದೊಡ್ಡ ಜೋಡಿ ನೋಡಿ ಬಂದೆ. ಜಾಲರಿ ತೆಗೆದರು, ಪಾಪ ಒಳ್ಳೆಯ ಮನುಷ್ಯ. ಒಂದರ ವೂಫರ್ ಅಂಚು ಮುಟ್ಟುವ ಮೊದಲೇ ಕೆಳಗಿನ ಅರ್ಧ ಬಿದ್ದುಹೋಗಿತ್ತು. ಇನ್ನೊಂದಕ್ಕೆ ಅಂಚು ಗಟ್ಟಿ ಇತ್ತು, ಆದರೆ ಅದು ಬೇರೆ ಥರ, ಬಟ್ಟೆಯದು, ಮಡಿಕೆ ಮಡಿಕೆಯಾಗಿ. ಅವರೇ ಹೇಳಿದರು, ಗಣಪತಿ ಹಬ್ಬದ ಡಾಲ್ಬಿ ಸ್ಪೀಕರ್ ರಿಪೇರಿ ಮಾಡುವವರ ಹತ್ತಿರ ಕೋನ್ ಹಾಕಿಸಿದ್ದು ಅಂತ. ಕೇಳಿದರೆ ಒಂದು ಬುಡುಬುಡು ಅನ್ನುತ್ತದೆ, ಒಂದು ಬರೀ ಕೂಗುತ್ತದೆ. ಈಗ 5,000ಕ್ಕೆ ಇಳಿದಿದ್ದಾರೆ. ಎರಡಕ್ಕೂ ಫೋಮ್ ಹಾಕಿಸಿದರೆ ಸರಿಹೋಗುತ್ತದಾ?

ಇನ್ನೊಂದು ಅನುಮಾನ. ಡೈಮಂಡ್ 6 ಓಮ್ ಅಂತ ಇದೆ. ನನ್ನ ಆಂಪ್ಲಿಫೈಯರ್ 8 ಓಮ್. ಸುಟ್ಟುಹೋಗುತ್ತದಾ?

ಖಡೇಬಜಾರ ಕಾಕಾ, ಬೆಳಗಾವಿ

ಡಾಲ್ಬಿಯವರ ಹತ್ತಿರ ಹಾಕಿಸಿದ್ದು ಅಂದಿರಲ್ಲ, ಅಲ್ಲಿಗೆ ಮುಗಿಯಿತು. ಅವರ ಕೆಲಸ ಕೆಟ್ಟದ್ದು ಅಂತಲ್ಲ. ನಮ್ಮ ಬೆಳಗಾವಿಯಲ್ಲಿ ಗಣಪತಿ ಬಿಡುವ ಹಿಂದಿನ ರಾತ್ರಿ ಕಾಯಿಲ್ ಸುತ್ತಿ ಬೆಳಿಗ್ಗೆ ಟ್ರ್ಯಾಕ್ಟರ್ ಏರಿಸುತ್ತಾರೆ, ಆ ಕೈಚಳಕಕ್ಕೆ ನಮಸ್ಕಾರ. ಆದರೆ ಅವರ ಕೋನ್ ಬಯಲಿಗೆ ಮಾಡಿದ್ದು. ಅಂಚು ಬಿರುಸು. ಜೋರಾಗಿ ಕೂಗಲು ಬೇಕಾದದ್ದು ಅದೇ. ಮನೆಯ ವೂಫರ್ ಅಂಚು ಮೆತ್ತಗೆ ಇದ್ದು ಸಲೀಸಾಗಿ ಹಿಂದೆ ಮುಂದೆ ಆಡಿದರೇ ಕೆಳಗಿನ ಸ್ವರ ಬರೋದು. ಮನೆಯ ವೂಫರಿಗೆ ಬಿರುಸು ಅಂಚಿನ ಕೋನ್ ಹಾಕಿದರೆ ಬಾಸ್ ಹೋಗಿ ದನಿ ಮೂಗಿಗೆ ಬರುತ್ತದೆ. ಈಗ ಆ ಪೆಟ್ಟಿಗೆಯಲ್ಲಿ ಮೂಲದ ಕೋನ್ ಇಲ್ಲ. ಫೋಮ್ ಹಾಕಲು ಜಾಗವೇ ಇಲ್ಲ. ಇನ್ನೊಂದಕ್ಕೆ ಹಾಕಬಹುದು, ಆದರೆ ಒಂದಕ್ಕೆ ಹಾಕಿ ಏನು ಮಾಡುತ್ತೀರಿ? 5,000 ಅಲ್ಲ, 2,000ಕ್ಕೂ ಬೇಡ.

ಎರಡೂ ಮೂಲದ ಕೋನ್ ಆಗಿದ್ದು ಫೋಮ್ ಮಾತ್ರ ಹೋಗಿದ್ದರೆ ನಾನೇ ತಗೊಳ್ಳಿ ಅನ್ನುತ್ತಿದ್ದೆ. ಫೋಮ್ ಉಂಗುರ ಅಳತೆ ಪ್ರಕಾರ ಆನ್‌ಲೈನ್ ಸಿಗುತ್ತದೆ. ಹಳೆ ಅಂಟು ಪೂರ್ತಿ ಕೆರೆದು ತೆಗೆಯುವುದೇ ದೊಡ್ಡ ಕೆಲಸ. ಹೊಸದು ಕೂರಿಸುವಾಗ ಕಾಯಿಲ್ ಸರಿಯಾಗಿ ನಡುವೆ ಬರಬೇಕು. ನಡುವಿನ ಟೊಪ್ಪಿ ಬಿಚ್ಚಿ, ಕಾಯಿಲ್ ಸುತ್ತ ಎಕ್ಸ್‌ರೇ ಫಿಲ್ಮ್ ಪಟ್ಟಿಗಳನ್ನು ಸಿಕ್ಕಿಸಿ ಹಿಡಿದು ಅಂಟಿಸುತ್ತಾರೆ. ಅಂಟು ಒಣಗಿದ ಮೇಲೆ ಪಟ್ಟಿ ಎಳೆದು ತೆಗೆದು ಟೊಪ್ಪಿ ಮತ್ತೆ ಹಚ್ಚುತ್ತಾರೆ. ಸಂಯಮ ಇದ್ದವರು ಮನೆಯಲ್ಲೇ ಮಾಡಬಹುದು.

6 ಓಮ್ ಬಗ್ಗೆ ಚಿಂತೆ ಬೇಡ. ಮನೆಯಲ್ಲಿ ಕೇಳುವ ಜೋರಿಗೆ ಏನೂ ಆಗೋದಿಲ್ಲ. ಆಂಪ್ಲಿಫೈಯರ್ ಹಿಂದೆ ಎ ಮತ್ತು ಬಿ ಅಂತ ಎರಡು ಜೋಡಿ ಟರ್ಮಿನಲ್ ಇದ್ದರೆ ಎರಡರಲ್ಲೂ ಸ್ಪೀಕರ್ ಹಾಕಿ ಒಟ್ಟಿಗೆ ನುಡಿಸಬೇಡಿ ಅಷ್ಟೇ. ಮಗನಿಗೂ ಹೇಳಿಡಿ, ವಾಲ್ಯೂಮ್ ತುದಿವರೆಗೆ ತಿರುಗಿಸಿದರೆ ಆಂಪ್ಲಿಫೈಯರ್ ಸ್ವರದ ತಲೆ ಕತ್ತರಿಸುತ್ತದೆ, ಆಗ ಮೊದಲು ಸುಡೋದು ಟ್ವೀಟರ್. ಜಾಸ್ತಿ ವ್ಯಾಟ್‌ನಿಂದ ಸುಟ್ಟ ಟ್ವೀಟರ್‌ಗಿಂತ ಕಮ್ಮಿ ವ್ಯಾಟ್ ಆಂಪ್ಲಿಫೈಯರನ್ನು ಹಿಂಡಿ ಸುಟ್ಟ ಟ್ವೀಟರನ್ನೇ ನಾನು ಹೆಚ್ಚು ಕಂಡಿದ್ದೇನೆ.

ನಾನು ಹೆದರೋದು ಬೇರೆ ಕಡೆ. ಆ ಆಂಪ್ಲಿಫೈಯರ್ ಎಷ್ಟು ವರ್ಷ ಸುಮ್ನೆ ಕೂತಿದೆ? ಒಳ್ಳೆಯ ಸ್ಪೀಕರ್ ಅದಕ್ಕೆ ಕಟ್ಟುವ ಮೊದಲು ಒಂದು ಪರೀಕ್ಷೆ ಆಗಲೇಬೇಕು. ಸ್ಪೀಕರ್ ಕಟ್ಟದೆ ಆನ್ ಮಾಡಿ, ವಾಲ್ಯೂಮ್ ಸೊನ್ನೆಯಲ್ಲಿಡಿ, ಹತ್ತು ನಿಮಿಷ ಬಿಡಿ. ಮಲ್ಟಿಮೀಟರ್ ಡಿಸಿ ಮಿಲಿವೋಲ್ಟಿಗೆ ಇಟ್ಟು ಸ್ಪೀಕರ್ ಟರ್ಮಿನಲ್‌ನ ಕೆಂಪು, ಕರಿ ಮುಟ್ಟಿಸಿ. 50 ಮಿಲಿವೋಲ್ಟ್ ಒಳಗಿದ್ದರೆ ನಿಶ್ಚಿಂತೆ. ವೋಲ್ಟ್ ಲೆಕ್ಕದಲ್ಲಿ ತೋರಿಸಿದರೆ ಒಳಗೆ ಟ್ರಾನ್ಸಿಸ್ಟರ್ ಹೋಗಿದೆ. ಅದಕ್ಕೆ ಸ್ಪೀಕರ್ ಕಟ್ಟಿದರೆ ವೂಫರ್ ಕಾಯಿಲ್ ಕಣ್ಣೆದುರೇ ಹೊಗೆಯಾಡುತ್ತದೆ. ಎರಡೂ ಚಾನೆಲ್ ನೋಡಿ. ವಾಲ್ಯೂಮ್ ತಿರುಗಿಸಿದಾಗ ಕರ್ರ್ ಅನ್ನುವುದು ಮಾತ್ರ ದೊಡ್ಡ ರೋಗ ಅಲ್ಲ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹಿಂದೆ ಮುಂದೆ ತಿರುಗಿಸಿದರೆ ಹೋಗುತ್ತದೆ.

ಕ್ಯಾಂಪ್ ನಿವಾಸಿ, ಬೆಳಗಾವಿ

ಒಂದು ಸೇರಿಸುತ್ತೇನೆ. ಬೆಳಗಾವಿಯಿಂದ ತಗೊಳ್ಳುವಾಗ ಪೆಟ್ಟಿಗೆಯ ಕೆಳಗಿನ ಅಂಚು ನೋಡಿ. ಇಲ್ಲಿನ ಮಳೆಗಾಲದಲ್ಲಿ ನೆಲ ತಿಂಗಳುಗಟ್ಟಲೆ ಥಂಡಿ ಹಿಡಿದಿರುತ್ತದೆ. ನೆಲದ ಮೇಲೆ ಇಟ್ಟ ಪೆಟ್ಟಿಗೆಯ ಹಲಗೆ ಕೆಳಗಿನಿಂದ ಉಬ್ಬುತ್ತದೆ, ಮೇಲಿನ ವಿನೈಲ್ ಏಳುತ್ತದೆ. ಒಂದು ಸಲ ಉಬ್ಬಿದ ಹಲಗೆ ಒಣಗಿದರೂ ಮೊದಲಿನಂತಾಗದು. ಬೆರಳ ಗೆಣ್ಣಿನಿಂದ ಸುತ್ತ ಬಡಿದು ನೋಡಿ, ಒಂದೇ ಕಡೆ ಬೊಳ್ ಅಂದರೆ ಅಂಟು ಬಿಟ್ಟಿದೆ.

ಇಲ್ಲಿ ಮಿಲಿಟರಿಯವರು, ಬ್ಯಾಂಕಿನವರು ವರ್ಗವಾಗಿ ಹೋಗುವಾಗ ಒಳ್ಳೆಯ ಸಾಮಾನು ಮಾರುತ್ತಾರೆ. ಅವರಿಗೆ ಲಾರಿಯಲ್ಲಿ ಜಾಗ ಬೇಕಿರುತ್ತದೆ, ನಿಮಗೆ ರೇಟು. ಪ್ಯಾಕಿಂಗ್ ಶುರುವಾದ ವಾರದಲ್ಲಿ ಹೋಗಿ ಮಾತಾಡಿ.

ನವನಗರದವ, ಬಾಗಲಕೋಟೆ

ಸ್ಪೀಕರ್ ತಂದೆ. ಟಿಳಕವಾಡಿಯದೇ, 10,000ಕ್ಕೆ ಆಯಿತು. ಕ್ಯಾಂಪಿನವರು ಹೇಳಿದ ಮಾತು ನಿಜ, ಮನೆ ತುಂಬ ರಟ್ಟಿನ ಡಬ್ಬ, ಅವರು ಜಾಸ್ತಿ ಎಳೆಯಲಿಲ್ಲ.

ಕಾಕಾ, ಕ್ಯಾಲೆಂಡರ್ ಸುತ್ತಿ ಕಿವಿಗೆ ಹಿಡಿದಾಗ ಅವರ ಮನೆಯ ಮಕ್ಕಳು ನಗಾಡಿದರು. ಆದರೆ ಬಲಗಡೆ ಟ್ವೀಟರ್ ಮಂಕು ಕೇಳಿತು. ಮಾರುವವರ ಮುಖ ಸಣ್ಣದಾಯಿತು. ವೈರ್ ಅದಲುಬದಲು ಮಾಡಿದೆ, ಮಂಕು ಎಡಕ್ಕೆ ಹೋಯಿತು. ಅಂದರೆ ಅವರ ಆಂಪ್ಲಿಫೈಯರ್‌ನ ಬ್ಯಾಲೆನ್ಸ್ ಗುಂಡಿಯಲ್ಲೇ ಕಸ. ನಾಲ್ಕು ಸಲ ಆ ಕಡೆ ಈ ಕಡೆ ತಿರುಗಿಸಿದರು, ಸರಿಹೋಯಿತು. ಅವರಿಗೂ ಅದು ಗೊತ್ತಿರಲಿಲ್ಲವಂತೆ. ಇಷ್ಟು ದಿನ ಬಲಗಡೆ ಕಿವಿ ಮಂದವಾಗಿದೆ ಅಂತ ತಿಳಿದಿದ್ದರಂತೆ!

ಸೆಲ್ ಹಚ್ಚಿದಾಗ ಎರಡೂ ಮುಂದೆ ಬಂದವು. ಸ್ಕ್ರೂ ಎಲ್ಲ ಚೊಕ್ಕ. ಪೆಟ್ಟಿಗೆಯ ಬಾಗಿದ ಬದಿಯಲ್ಲಿ ಒಂದು ಗೀರು ಇದೆ, ಅದಕ್ಕೇ ಐನೂರು ಇಳಿಸಿದೆ. ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡೇ ಬಂದೆ, ಪಾರ್ಸಲ್ ಹಾಕಲು ಮನಸ್ಸಾಗಲಿಲ್ಲ. ಮುಖಕ್ಕೆ ಮುಖ ಮಾಡಿ ನಡುವೆ ಟವೆಲ್ ಇಟ್ಟು ಕಟ್ಟಿದ್ದೆ.

ಆಂಪ್ಲಿಫೈಯರ್ ಮೀಟರ್‌ನಲ್ಲಿ ಎಡಕ್ಕೆ 18, ಬಲಕ್ಕೆ 27 ಮಿಲಿವೋಲ್ಟ್. ಹಾಗಾದರೆ ಗುಜರಿಗೆ ಹೋಗೋದಿಲ್ಲ, ಗೋಕಾಕದ ತಮ್ಮನಿಗೆ ತಿಳಿಸಿ.

ಅಕ್ಕಾ, ಜಮಖಾನ ಹಾಸಿದೆ. ಕೌದಿ ಗೋಡೆಗೆ ಹಾಕಲು ಮನೆಯವಳು ಇನ್ನೂ ಒಪ್ಪಿಲ್ಲ. ಹೊದೆಯೋದನ್ನು ಗೋಡೆಗೆ ಯಾರಾದರೂ ಹಾಕುತ್ತಾರಾ ಅಂತಾಳೆ. ಒಂದು ದಿನ ಹಾಕಿ, ಒಂದು ದಿನ ತೆಗೆದು ಕೇಳಿಸುವ ನಿಮ್ಮ ಉಪಾಯವನ್ನೇ ಮಾಡಬೇಕು.

ಒಂದೇ ಪ್ರಶ್ನೆ ಉಳಿದಿದೆ. ಈಗ ಇರೋದು ಅವರು ಕೊಟ್ಟ ಸಣ್ಣ ವೈರ್, ಗಿಡ್ಡ ಆಗುತ್ತದೆ. ಆಂಪ್ಲಿಫೈಯರ್‌ನಿಂದ ಒಂದಕ್ಕೆ 8 ಅಡಿ, ಇನ್ನೊಂದಕ್ಕೆ 13 ಅಡಿ. ಸ್ಪೀಕರ್ ವೈರ್ ಅಂತ ಬೇರೆಯೇ ತರಬೇಕಾ? ಇಲ್ಲಿ ಸಿಗೋದಿಲ್ಲ.

ಖಡೇಬಜಾರ ಕಾಕಾ, ಬೆಳಗಾವಿ

ಬೇಡ. ಎಲೆಕ್ಟ್ರಿಕ್ ಅಂಗಡಿಯಲ್ಲಿ 1.5 ಸ್ಕ್ವೇರ್ ಎಂಎಂ ತಾಮ್ರದ ಮೆತ್ತನೆ ವೈರ್ ಕೇಳಿ, ಕೆಂಪು ಮತ್ತು ಕರಿ, ಒಂದೊಂದು 8 ಮೀಟರ್. ಎರಡನ್ನೂ ಹೆಣೆದುಕೊಂಡರೆ ಆಯಿತು. ನಿಮ್ಮ ದೂರಕ್ಕೆ ಅದಕ್ಕಿಂತ ದಪ್ಪ ಬೇಕಿಲ್ಲ. ಎರಡೂ ಕಡೆ ಒಂದೇ ಉದ್ದ ಇರಲೇಬೇಕು ಅಂತ ಹೇಳೋರು ಇದ್ದಾರೆ. ಐದಡಿ ಹೆಚ್ಚುಕಡಿಮೆಗೆ ಏನೂ ಆಗೋದಿಲ್ಲ, ಉಳಿದದ್ದನ್ನು ಸುರುಳಿ ಸುತ್ತಿ ಇಡಬೇಡಿ, ಕತ್ತರಿಸಿ. ತುದಿ ಬಿಡಿಸಿದ ಮೇಲೆ ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಒಂದು ಎಳೆ ಆಚೆ ಚಾಚಿ ಪಕ್ಕದ ಟರ್ಮಿನಲ್ ಮುಟ್ಟಿದರೂ ಆಂಪ್ಲಿಫೈಯರ್ ಹೋಯಿತು. ಆಫ್ ಮಾಡಿಯೇ ಕಟ್ಟಿ. ಕೆಂಪಿಗೆ ಕೆಂಪು, ಕರಿಗೆ ಕರಿ, ಎರಡೂ ಕಡೆ.